ಶುಕ್ರವಾರದ ಸೀಸೆಗಳು

ಗಣಿ ಮುಚ್ಚಿದಾಗ ನನಗೆ ಕೊಟ್ಟದ್ದು
ಒಂದು ಬಕೀಟು, ಒಂದು ಸ್ಟಾಪ್‌ವಾಚು,
ಕಟ್ಟೆಯ ಬೀಗದ ಕೈ.
ಕಟ್ಟೆಗೆ ಬಾಗಿಲೇ ಇಲ್ಲ. ಬೀಗದ ಕೈ ಮಾತ್ರ
ಇವತ್ತಿಗೂ ಮೊಳೆಯಲ್ಲಿ ನೇತಾಡುತ್ತದೆ.

ಕಟ್ಟೆ ಅಂದರೆ ನೀರಿನದಲ್ಲ.
ತಾಮ್ರ ಹಿಂಡಿಕೊಂಡು ಬಿಟ್ಟ ಬೆಟ್ಟದ ಚರಟ,
ಹಿಟ್ಟಿನಷ್ಟು ನುಣುಪು,
ಮೂವತ್ತು ವರ್ಷದ ಗಸಿ.
ಅದನ್ನು ತಡೆದು ನಿಂತದ್ದೂ ಮಣ್ಣೇ.
ಮಣ್ಣಿಗೆ ಮಣ್ಣು ಆತುಕೊಂಡಿದೆ
ಕುಡುಕನಿಗೆ ಕುಡುಕ ಹೆಗಲು ಕೊಟ್ಟ ಹಾಗೆ.

ಮೇಲೆ ಒಣಗಿ ಬಿರಿದಿದೆ, ಆಡುಗಳು ದಾಟುತ್ತವೆ.
ಒಳಗೆ ಇನ್ನೂ ಹಸಿ.
ನಿಬಾಲ್ದೊ ಒಮ್ಮೆ ಹಾರೆ ಇಳಿಸಿ ನೋಡಿದ:
ಎರಡು ಗೇಣು ಗಟ್ಟಿ, ಆಮೇಲೆ ಅಂಬಲಿ.
ಹಾರೆ ವಾಪಸು ಬರಲಿಲ್ಲ.

ಯಾರದು ಈ ಕಟ್ಟೆ?
ಕಾಗದದಲ್ಲಿ ಕಂಪನಿಯದು.
ಆ ಕಂಪನಿಯನ್ನು ಕೊಂಡದ್ದು ಇನ್ನೊಂದು,
ಅದು ಮುಳುಗಿ, ಸಾಲಕ್ಕೆ ಹೋಗಿ, ಪಾಲಾಗಿ,
ಕೊನೆಗೆ ಲಾ ಸೆರೇನಾದ ಒಬ್ಬ ಹಲ್ಲಿನ ಡಾಕ್ಟರಿಗೆ
ಸೋದರಮಾವನ ಪಿಯಾನೋ ಜೊತೆ ಬಂದಿದೆ.
ಪಿಯಾನೋ ಮಾರಿದರಂತೆ.
ಕಟ್ಟೆಗೆ ಗಿರಾಕಿ ಇಲ್ಲ.

ಕೆಟ್ಟವರಲ್ಲ ಡಾಕ್ಟರ್ ಅರಿಸ್ಮೆಂದಿ.
ನನ್ನ ಸಂಬಳ ತಡವಾದರೂ ಬರುತ್ತದೆ,
ಹಬ್ಬಕ್ಕೆ ಒಂದು ಹಲ್ಲುಜ್ಜುವ ಬ್ರಷ್ಷು.

ಶುಕ್ರವಾರ ಬೆಳಿಗ್ಗೆ ಕಟ್ಟೆಯ ಬುಡಕ್ಕೆ ಹೋಗುತ್ತೇನೆ.
ಅಲ್ಲೊಂದು ಕೊಳವೆ, ಅದರ ಬಾಯಲ್ಲಿ ಒರತೆ.
ಬಕೀಟು ತುಂಬಲು ಎಷ್ಟು ಹೊತ್ತು, ಬರೆದಿಡುತ್ತೇನೆ.
ಆಮೇಲೆ ಜ್ಯಾಮಿನ ಸೀಸೆಯಲ್ಲಿ ಹಿಡಿದು
ಬಿಸಿಲಿಗೆ ಎತ್ತಿ ನೋಡುತ್ತೇನೆ.
ಜಿನುಗುವುದು ತಪ್ಪಲ್ಲ, ಮಣ್ಣಿನ ಕಟ್ಟೆ ಬೆವರಲೇಬೇಕು.
ತಿಳಿಯಾಗಿದ್ದರೆ ಬೆವರು.
ಕದಡಿದ್ದರೆ, ಒಳಗಿಂದ ಕಟ್ಟೆಯೇ
ಚಿಟಿಕೆ ಚಿಟಿಕೆಯಾಗಿ ಹೊರಟು ಬರುತ್ತಿದೆ.
ಇಷ್ಟು ಕಲಿಸಿದ ಎಂಜಿನಿಯರ್ ಹುಡುಗಿ
ಮತ್ತೆ ಬರಲಿಲ್ಲ.

ಅಡಿಗೆಮನೆ ಕಿಟಕಿಯಲ್ಲಿ ಸೀಸೆಗಳ ಸಾಲು,
ಒಂದೊಂದಕ್ಕೂ ತಾರೀಖು.
'ಎಲ್ಸಿರಾ, ಪಿಸ್ಕೊ ಇಳಿಸುತ್ತೀಯಾ?' ಅನ್ನುತ್ತಾರೆ ಬಂದವರು.

ರಾತ್ರಿ ನೆಲ ಅಲುಗಿದರೆ (ಇಲ್ಲಿ ಅಲುಗುತ್ತಲೇ ಇರುತ್ತದೆ)
ಬೇರೆಯವರು ಮಕ್ಕಳ ಹಾಸಿಗೆ ತಡವುತ್ತಾರೆ.
ನಾನು ಟಾರ್ಚು ಹಿಡಿದು ಬುಡಕ್ಕೆ ಓಡುತ್ತೇನೆ,
ಒರತೆಯ ಮುಂದೆ ಮಂಡಿಯೂರುತ್ತೇನೆ.
ಪಾದ್ರಿಗೆ ಯಾರೋ ಹೇಳಿದ್ದಾರೆ, ಎಲ್ಸಿರಾಗೆ ಭಕ್ತಿ ಹೆಚ್ಚಾಗಿದೆ ಎಂದು.

ಮಾರ್ಚಿನಲ್ಲೊಮ್ಮೆ ಕದಡಿತ್ತು. ಕೈ ನಡುಗಿತು.
ನೋಡಿದರೆ ಓಫೆಲಿಯಾಳ ಆಡು
ಕೊಳವೆಯ ಬಾಯಿಗೇ ಕಾಲಿಟ್ಟು ನಿಂತಿದೆ.
ನಕ್ಕೆ. ಬೈದೆ.
ಸೀಸೆಯ ಮೇಲೆ 'ಆಡು' ಎಂದು ಬರೆದೆ.

ಹೋದ ಶುಕ್ರವಾರ ಆಡು ಇರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ.
ಹಿಂದೆ ಡ್ರಿಲ್ಲು ಗುಂಯ್‌ಗುಟ್ಟುತ್ತಿತ್ತು,
ಯಾರದೋ ಬಾಯಿ ಅಲ್ಲಿ ತೆರೆದೇ ಇತ್ತು.
'ನೋವಿದೆಯಾ?' ಎಂದರು, ಅಭ್ಯಾಸಬಲ.
ತಾವೇ ನಾಚಿ, 'ಅಂದರೆ, ಬಿರುಕು? ಉಬ್ಬು?'
ಇಲ್ಲ ಡಾಕ್ಟರೇ, ಹೊರಗೆ ನಗುಮುಖ.
'ಹಾಗಾದರೆ ಆರು ತಿಂಗಳು ನೋಡೋಣ.'

ಹಲ್ಲಾದರೆ ಹುಳುಕು ಬಿದ್ದಾಗ ಚೀರುತ್ತದೆ.
ಕಟ್ಟೆಗೆ ನರವಿಲ್ಲ.
ನರ ಇರುವುದು ಕೆಳಗೆ, ಹಳ್ಳದ ಬದಿ:
ಹದಿನೇಳು ಮನೆ, ಒಂದು ಶಾಲೆ,
ಎದ್ದು ಓಡಲಾರದ ದೋನ್ಯಾ ಹೆರ್ಮೀನಿಯಾ.

ಇವತ್ತು ಮತ್ತೆ ಹೋದೆ.
ಬಕೀಟು ಹನ್ನೊಂದು ಸೆಕೆಂಡು ಮೊದಲೇ ತುಂಬಿತು.
ನೀರು ತಿಳಿ. ಅಷ್ಟು ತಿಳಿ ಯಾವತ್ತೂ ಕಂಡಿರಲಿಲ್ಲ.
ಸೀಸೆಯೊಳಗೆ ಕಟ್ಟೆ ತಲೆಕೆಳಗಾಗಿ ನಿಂತಿತ್ತು.
ಹೋಗಬೇಕಾದ ಮಣ್ಣು ಹೋಗಿಯಾಯಿತು,
ದಾರಿ ಸವೆಯಿತು,
ಇನ್ನು ನೀರಿಗೆ ಯಾರ ಹಂಗೂ ಇಲ್ಲ.
ಇಷ್ಟು ವರ್ಷ ಕದಡಿಗೆ ಹೆದರಿದವಳು
ತಿಳಿಗೆ ಹೆದರಿದೆ.

ತಾರೀಖು ಬರೆದೆ. ಕಿಟಕಿಯಲ್ಲಿ ಇಡಲಿಲ್ಲ.
ಸೀದಾ ಶಾಲೆಗೆ ಹೋಗಿ ಮೇಷ್ಟರ ಮೇಜಿನ ಮೇಲಿಟ್ಟೆ.
'ಕುಡಿಯಲಿಕ್ಕಾ?' ಎಂದರು.
ಮಕ್ಕಳನ್ನು ಎಣಿಸಿದೆ. ಇಪ್ಪತ್ತಮೂರು.
ಬೆಟ್ಟದ ಕಡೆಯ ಬಾಗಿಲು ಯಾವುದು ಎಂದು ಕೇಳಿದೆ.
'ಅದಾ,' ಎಂದರು, 'ಬೀಗ ಹಾಕಿದೆ.
ಕೈ ಎಲ್ಲಿದೆಯೋ.'